ಎಡಕ್ಕೆ ನೋಡಿದ ಗಿಣಿಗಳು

ಒಂದೇ ಒಂದು ಕಾಮೆಂಟು ಹಾಕಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಕಡೆಯ ಎರಡು ಲಕ್ಷ ಜನರ ಬಾಯಿಗೆ ಏಕಕಾಲಕ್ಕೆ ಬೀಗ ಜಡಿದವನು ನಾನು, ಹುಲೆಪ್ಪ. ಆ ಕಾಮೆಂಟಿನ ಬಿಸಿಗೆ ಗಲಗಲಿ ಹತ್ತಿರ ಕೃಷ್ಣಾ ಹೊಳೆಯ ನೀರು ಮೊಣಕಾಲಷ್ಟು ಇಳಿಯಿತು, ಮೀನುಗಳು ದಂಡೆಗೆ ಬಂದು ಜಾಲಿಯ ನೆರಳಲ್ಲಿ ಕೂತವು, ಬೀಳಗಿಯ ಮೊಬೈಲ್ ಟವರೊಂದು ಸೊಂಟ ಬಾಗಿಸಿ ನನಗೆ ನಮಸ್ಕಾರ ಮಾಡಿತು. ಈಗಲೂ ಅದು ಬಾಗಿಯೇ ನಿಂತಿದೆ. ಇದನ್ನು ಕೇಳಿ ನಗುವವರು ಉಕ್ಕಿನ ಲಾಳಿಯ ಪ್ರಕರಣ ಕೇಳಿದವರಲ್ಲ.

ಬನಹಟ್ಟಿಯಲ್ಲಿ ನನ್ನದೊಂದು ಮೂರು ಗಾಲಿಯ ಟಂಟಂ ಗಾಡಿ ಇದೆ. ನೇಕಾರರ ಮನೆಗಳಿಗೆ ನೂಲು ಒಯ್ಯುವುದು, ನೇಯ್ದ ಸೀರೆ ಪೇಟೆಗೆ ತರುವುದು ಅದರ ಕೆಲಸ. ಅದು ಹೊರಟರೆ ಆಕಾಶದಲ್ಲಿ ವಿಮಾನಗಳು ಬದಿಗೆ ಸರಿದು ದಾರಿ ಬಿಡುತ್ತವೆ. ನನ್ನ ಇನ್ನೊಂದು ಕೆಲಸ ಸುವರ್ಣಾ ಅಕ್ಕೋರ ಜೊತೆ ಓಡಾಡುವುದು. ಅಕ್ಕೋರು ಶಾಲೆಯಲ್ಲಿ ಜೀವಮಾನವಿಡೀ ಮಕ್ಕಳ ಸುಳ್ಳು ಹಿಡಿದು ನಿವೃತ್ತರಾದವರು. ಊರಲ್ಲಿ ಏನೇ ಕಾಣೆಯಾಗಲಿ, ಯಾರಿಗೇ ಯಾರ ಮೇಲೇ ಸಂಶಯ ಬರಲಿ, ಜನ ಠಾಣೆಗಿಂತ ಮೊದಲು ಅವರ ಮನೆಯ ಕಟ್ಟೆಗೆ ಬರುತ್ತಾರೆ. ಅಕ್ಕೋರು ಕೇಳಿಸಿಕೊಳ್ಳುತ್ತಾರೆ, ನಡುವೆ ಒಂದೆರಡು ಪ್ರಶ್ನೆ ಹಾಕುತ್ತಾರೆ. ಉಳಿದ ಬುದ್ಧಿಯೆಲ್ಲ ನನ್ನದು.

ಆ ದಿನ ಮುಂಜಾನೆ ನಂದಾ ಬಂದಾಗ ಅಕ್ಕೋರು ಮೆಂತ್ಯೆಸೊಪ್ಪು ಸೋಸುತ್ತ ಕೂತಿದ್ದರು. ನಂದಾ ಅವರ ಹಳೆಯ ವಿದ್ಯಾರ್ಥಿನಿ, ನೇಕಾರರ ಮನೆಯ ಸೊಸೆ. ಮಾವ ಗುರಪ್ಪಜ್ಜನ ಕೈ ನಡುಗತೊಡಗಿ ಅವನು ಮಗ್ಗ ಬಿಟ್ಟ ಮೇಲೆ, ಆ ಮಗ್ಗಕ್ಕೆ ಆಕೆಯೇ ಕೂತಿದ್ದಳು. ನೇಯ್ದ ಸೀರೆಯ ಫೋಟೋಗಳನ್ನು ಫೇಸ್‌ಬುಕ್ಕಿನ ‘ಮಗ್ಗದ ಮಾತು’ ಎಂಬ ಗುಂಪಿನಲ್ಲಿ ಹಾಕುತ್ತಿದ್ದಳು. ನೋಡಿದವರು ಹೊಗಳುತ್ತಿದ್ದರು, ಕೊಳ್ಳುತ್ತಿದ್ದರು.

“ಅಕ್ಕೋರ, ಅಮಾಸಿ ಆದ ಮ್ಯಾಲೆ ಮಗ್ಗ ಬಿಚ್ಚಸ್ತೀನಿ,” ಎಂದಳು ಆಕೆ ನಿಂತಲ್ಲೇ. “ಚಿಮ್ಮಡದಾಗ ಒಬ್ಬರು ತಗೋತೇನಿ ಅಂದಾರ. ಹುಲೆಪ್ಪಣ್ಣಗೂ ಹೇಳೇನಿ, ಟಂಟಂದಾಗ ಹಾಕ್ಕೊಂಡ ಹೋಗಂತ.”

“ಟಂಟಂ ಕೆಟ್ಟೈತವ್ವಾ,” ಎಂದೆ. “ಚಿಮ್ಮಡದ ದಾರ್ಯಾಗ ಇಂಜಿನ್ ಹಾರಿ ಬೇವಿನ ಗಿಡದಾಗ ಸಿಕ್ಕೊಂಡೈತಿ. ಮೂರು ಮಂದಿ ಮಿಸ್ತ್ರಿ ನೋಡಿ ಮೂರ್ಛಿ ಹೋದ್ರು.”

ಅಕ್ಕೋರು ನನ್ನನ್ನೊಮ್ಮೆ ನೋಡಿ ನಂದಾಳ ಕಡೆ ತಿರುಗಿದರು. “ಯಾಕ ಬಿಚ್ಚತಿ?”

ಆಕೆ ಫೋನ್ ಮುಂದೆ ಚಾಚಿದಳು. ನಾನು, ಚಸಮಾ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ನೀವೇ ಜೋರಾಗಿ ಓದಿರಿ ಎಂದೆ. ಅಕ್ಕೋರು ಓದತೊಡಗಿದರು. ಗುಂಪಿನಲ್ಲಿ ‘ಉಕ್ಕಿನ ಲಾಳಿ’ ಎಂಬ ಹೆಸರಿನವನೊಬ್ಬ ಇದ್ದ. ಫೋಟೋ ಇಲ್ಲ, ಊರಿಲ್ಲ. ನಂದಾ ಸೀರೆ ಹಾಕಿದೊಡನೆ ಅವನು ಬಂದು ಕೂರುತ್ತಿದ್ದ.

‘ದಡಿ ಸಡ್ಲ. ಹೊಕ್ಕು ಸರಿಯಾಗಿ ಬಡದಿಲ್ಲ. ಕಣ್ಣ ಮುಚ್ಚಿ ನೇದೀಯೇನು.’ ದಡಿ ಎಂದರೆ ಸೀರೆಯ ಅಂಚು, ಹೊಕ್ಕು ಎಂದರೆ ಅಡ್ಡ ನೂಲು.

ಅದಕ್ಕೆ ಜಮಖಂಡಿಯ ಪ್ರೇಮಕುಮಾರ ಸರ್ ಬರೆದಿದ್ದರು: ‘ಪರಂಪರೆಯ ಗಂಧವಿಲ್ಲದ ಮೂರ್ಖರಿಗೆ ಇಲ್ಲಿ ಮಾತಾಡುವ ಹಕ್ಕಿಲ್ಲ. ಜನ್ಮದಲ್ಲಿ ಒಮ್ಮೆಯಾದರೂ ಮಗ್ಗ ಮುಟ್ಟಿದ್ದೀಯಾ?’

‘ನಿನ್ನಂಥಾ ಪಂಡಿತರನ್ನ ಕಂಡಿಕಿಗೆ ಸುತ್ತಿ ಒಗದೇನಿ,’ ಎಂದಿದ್ದ ಲಾಳಿ. ಕಂಡಿಕಿ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ನೂಲು ಸುತ್ತಿಡುವ ಸಣ್ಣ ಕೊಳವೆ. ದೊಡ್ಡ ಪಂಡಿತರು ಅದರಲ್ಲಿ ಹಿಡಿಯುವುದು ಕಷ್ಟ.

ನಡುವೆ ರಬಕವಿಯ ಪವರ್‌ಲೂಮಿನ ಅಮಿತ ಜಿಗಿದಿದ್ದ: ‘ಲೇ ಲಾಳಿ, ತಾಕತ್ತಿದ್ರ ಖರೆ ಹೆಸರ ಹೇಳಿ ಬಾರಲೇ. ಹೆಂಗಸರ ಸೆರಗಿನಾಗ ಅಡಗಬ್ಯಾಡ.’

ಅಲ್ಲಿಂದ ಮುಂದೆ ನೂರಾರು ಮಂದಿ. ಸೀರೆ ಯಾರಿಗೂ ನೆನಪಿರಲಿಲ್ಲ. ಒಬ್ಬರು ಇನ್ನೊಬ್ಬರ ಓದನ್ನು ಹಳಿಯುತ್ತಿದ್ದರು, ಇನ್ನೊಬ್ಬರು ಅವರ ಅಪ್ಪನನ್ನು ನಡುವೆ ಎಳೆಯುತ್ತಿದ್ದರು. ಕೊನೆಯದು ಗಿಣಿ ಸೀರೆಯ ಕೆಳಗಿತ್ತು. ಅಕ್ಕೋರ ದನಿ ಅಲ್ಲಿ ಸಣ್ಣದಾಯಿತು.

‘ಗಿಣಿ ಎಲ್ಲಾ ಎಡಕ್ಕ ಮಾರಿ ಮಾಡ್ಯಾವು. ಅದೂ ಇರಲಿ. ಮೂರನೇದರ ಕೊಕ್ಕು ತಪ್ಪೈತಿ. ಇದನ್ನ ಹೊಗಳೂದು ಅಂದ್ರ ಮಗ್ಗ ಮುರದು ಒಲಿಗೆ ಹಚ್ಚೂದ ಛಲೋ.’

ಫೋಟೋದಲ್ಲಿ ಸೆರಗಿನ ಗಿಣಿಗಳು ಸಾಲಾಗಿ ಬಲಕ್ಕೆ ನೋಡುತ್ತಿದ್ದವು. ಜನ ಅದಕ್ಕೇ ನಕ್ಕಿದ್ದರು: ‘ಕುರುಡ ಲಾಳಿ, ಎಡ ಬಲ ಕಲಿತು ಬಾ.’

“ಮಂದಿ ನಕ್ಕರು, ನನಗ ನಗು ಬರಲಿಲ್ಲರಿ,” ಎಂದಳು ನಂದಾ. “ಮೂರನೇ ಗಿಣಿ ಕೊಕ್ಕು ಖರೇನ ತಪ್ಪಿತ್ತು. ಫೋಟೋದಾಗ ಅದು ಮಡಿಕ್ಯಾಗ ಹೋಗೇತಿ, ಕಾಣಂಗಿಲ್ಲ. ಅಂದ್ರ ಅಂವ ಸೀರಿ ಕೈಯಾಗ ಹಿಡದ ನೋಡ್ಯಾನ. ಇಸ್ತ್ರಿಗೆ ಅಮಿತನ ಕಡೆ ಹೋಗಿತ್ತು. ಆಮ್ಯಾಲೆ ಪ್ರದರ್ಶನಕ್ಕಂತ ಪ್ರೇಮಕುಮಾರ ಸರ್ ಅಲ್ಲಿಂದಾನ ಜಮಖಂಡಿಗೆ ಒಯ್ದಿದ್ರು. ಅಲ್ಲಿ ನೀವ ತಗೊಂಡ್ರಿ. ನಾ ಒಬ್ಬಾಕಿನ ಕೂತು ನೇಯುವಾಗ, ನೋಡಿದ ಯಾರೋ ಮಾರಿ ಮ್ಯಾಲ ನಕ್ಕು ಬೆನ್ನ ಹಿಂದ ಮಗ್ಗ ಸುಡು ಅಂತಾರಂದ್ರ, ನನಗ ಲಾಳಿ ಒಗಿಯಾಕ ಕೈ ಏಳವಲ್ದು.” ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. “ಮಗ್ಗ ಹೋಗೂ ಮೊದಲ ಅಂವ ಯಾರಂತ ತಿಳಿಬೇಕ್ರಿ. ಅಷ್ಟ.”

“ಮನ್ಯಾಗ ಗೊತ್ತೈತೇನು?”

“ಇವರಿಗೆ ಹೇಳಿಲ್ಲ. ಬೀಳಗ್ಯಾಗ ಕಂಡಕ್ಟರ ಕೆಲಸ, ಐತವಾರಕ್ಕೊಮ್ಮೆ ಬರತಾರ. ಗಿಣಿ ಸೀರಿ ಮಗ್ಗಕ್ಕ ಹಾಕಿದಾಗಿಂದ ರಜಾನ ಸಿಕ್ಕಿಲ್ಲ. ಮಾವಾರಿಗಂತೂ ಹೆಂಗ ಹೇಳಲಿ? ನಾವು ಮುಂದ ನಿಂತು ಮಾತಾಡೂದಿಲ್ಲಲ್ರಿ.”

ಅದು ಆ ಮನೆಯ ರೀತಿ. ಮಾವ ಸೊಸೆ ಎದುರಾಬದುರು ಮಾತಾಡುವುದಿಲ್ಲ. ಸೊಸೆ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ನೇಯುತ್ತ ಕೂತಿದ್ದರೆ ಮಾವ ಆ ಕೋಣೆಗೆ ಕಾಲಿಡುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ಆಕೆ ತಾಟು ಸಪ್ಪಳ ಮಾಡಿ ಇಡುತ್ತಾಳೆ, ಅವನು ಕೆಮ್ಮಿ ಒಳಗೆ ಬರುತ್ತಾನೆ. ಹೇಳಲೇಬೇಕಾದ ಮಾತಿದ್ದರೆ ನಂದಾಳ ಗಂಡ ದುರಗೇಶ ಬರಬೇಕು, ಇಲ್ಲವೆ ನೂಲು ತರುವ ನಾನು.

“ಲಾಳಿ ದಿನಾ ಬರೀತಾನೇನು?” ಎಂದು ಅಕ್ಕೋರು ಕೇಳಿದರು.

“ಐತವಾರ ಬರೀತಿರಲಿಲ್ಲ, ಅವತ್ತೊಂದ ದಿನ ಸಮಾಧಾನ ಇರತಿತ್ತು. ಈಗೀಗ ಐತವಾರನೂ ಬರದಾನ.”

ನಾನು ತೊಡೆ ತಟ್ಟಿದೆ. “ಗೊತ್ತಾತು. ಲಾಳಿ ಇಕಿ ಗಂಡಾನ. ಮನ್ಯಾಗ ಇದ್ದ ದಿನ ಬರಿಯಂಗಿಲ್ಲ, ಇಲ್ಲದ ದಿನ ಬರೀತಾನ. ಅಕ್ಕೋರ, ಈಗಿಂದೀಗ ಬೀಳಗಿಗೆ ಹೋಗಿ ಬಸ್ಸಿನ ಟಾಪಿನ ಮ್ಯಾಲಿಂದ ಹಾರಿ ಹಿಡೀತೀನಿ.”

“ಕೂಡು,” ಎಂದರು ಅಕ್ಕೋರು. ಕೂತೆ.

ಅವತ್ತೇ ಅಕ್ಕೋರು ಆ ಗಿಣಿ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಮೊದಲು ನಂದಾಳ ಮನೆಗೆ. ಗುರಪ್ಪಜ್ಜ ಕಟ್ಟೆಯ ಮೇಲೆ ಕೂತು, ಮಗ ಕೊಟ್ಟ ಹಳೆಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ನೋಡುತ್ತಿದ್ದ. ಬನಹಟ್ಟಿಯಲ್ಲಿ ಅವನಷ್ಟು ಮೆತ್ತಗಿನ ಮನುಷ್ಯ ಇಲ್ಲ. ಇರುವೆ ಅಡ್ಡ ಬಂದರೆ ಅದು ದಾಟುವ ತನಕ ನಿಂತು, ಆಮೇಲೆ ಅದರ ಮನೆಯವರ ಕ್ಷೇಮ ಕೇಳಿ ಮುಂದೆ ಹೋಗುತ್ತಾನೆ. ನಮ್ಮನ್ನು ಕಂಡು ಫೋನನ್ನು ಅಂಗಿಯ ಕಿಸೆಗೆ ಇಳಿಸಿದ.

“ಅಜ್ಜಾರ, ನಿಮ್ಮ ಸೊಸಿ ನೇದ ಸೀರಿ ನಾ ತಗೊಂಡೇನಿ. ಹೆಂಗ ಆಗೇತಿ ನೋಡ್ರಿ,” ಎಂದು ಅಕ್ಕೋರು ಸೀರೆಯ ಸೆರಗು ಬಿಡಿಸಿ ಅವನ ತೊಡೆಯ ಮೇಲಿಟ್ಟರು.

ಅಜ್ಜ ಅದನ್ನು ಬೋರಲು ಹಾಕಿಕೊಂಡ. ನಡುಗುವ ಬೆರಳಿನಿಂದ ಹಿಂಬದಿಯ ಎಳೆಗಳನ್ನು ನಿಧಾನ ಸವರಿದ. “ಛಲೋ ಆಗೇತ್ರಿ,” ಎಂದು ಮಡಚಿ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದ: “ಹುಲೆಪ್ಪಾ, ಮಗ್ಗದ ಸಪ್ಪಳ ಯಾಕ ನಿಂತೈತಿ? ಆಕಿಗೆ ಆರಾಮ ಇಲ್ಲೇನು? ಕೇಳೋ ಒಂದೀಟು.” ಪಾಪ, ಮುದುಕನಿಗೆ ಸೀರೆಯ ಮುಖ ಯಾವುದು ಬೆನ್ನು ಯಾವುದು ತಿಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಮಗ್ಗದ ಕೋಣೆಯಲ್ಲಿ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಅಕ್ಕೋರು ಕುಣಿಯ ಅಂಚಿಗೆ ಕೂತು ಅದನ್ನು ಮೇಲಿಂದ ನೋಡಿದರು, ಆಮೇಲೆ ಬಗ್ಗಿ ಅದರ ಕೆಳಗೆ ತಲೆ ಹಾಕಿ ನೋಡಿದರು. ಎದ್ದಾಗ ಅವರ ಕೂದಲಿಗೆ ಹತ್ತಿಯ ಧೂಳು ಹತ್ತಿತ್ತು.

ಮರುದಿನ ಬಸ್ಸಿಗೆ ಜಮಖಂಡಿಗೆ ಹೋದೆವು. ಟಂಟಂ ಇದ್ದಿದ್ದರೆ ಹೊರಡುವ ಮೊದಲೇ ಮುಟ್ಟುತ್ತಿದ್ದೆವು. ಪ್ರೇಮಕುಮಾರ ಸರ್ ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಫೋನಿನಲ್ಲಿ ಅವರು ಬರೆದದ್ದನ್ನು ಕೇಳಿ ಎಂಟಡಿ ಎತ್ತರದ ಮನುಷ್ಯನನ್ನು ನಿರೀಕ್ಷಿಸಿದ್ದೆ. ಬಾಗಿಲು ತೆಗೆದವರು ನನ್ನ ಹೆಗಲಿಗೆ ಬರುವಷ್ಟಿದ್ದರು. ದನಿ ಇನ್ನೂ ಸಣ್ಣದು. ಚಹಾ ಕೊಟ್ಟರು, ಫ್ಯಾನು ನಮ್ಮ ಕಡೆ ತಿರುಗಿಸಿದರು. ಸೀರೆಯನ್ನು ಮುಖ ಮೇಲಾಗಿ ಹಾಸಿ, “ನೋಡ್ರಿ, ಏನ ಬಣ್ಣ,” ಎಂದು ಫೋಟೋ ಹೊಡೆದುಕೊಂಡರು. ಲಾಳಿಯ ಹೆಸರೆತ್ತಿದಾಗ ಮಾತ್ರ ಕಿವಿ ಕೆಂಪಾದವು.

“ನಾನು ನಂದಾ ಪರವಾಗಿ ಬರದೇನ್ರಿ ಅಕ್ಕೋರ. ಅಂಥಾವರಿಗೆ ಅಂಥಾ ಭಾಷಾನ ಬೇಕು.”

“ಖರೆ,” ಎಂದರು ಅಕ್ಕೋರು. “ಐತವಾರ ನಂದಾನ ಮನಿಗೆ ಬರ್ರಿ. ಲಾಳಿನೂ ಬರತಾನ.”

ಅಲ್ಲಿಂದ ರಬಕವಿಗೆ. ಅಮಿತನ ಪವರ್‌ಲೂಮಿನ ಸದ್ದಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಾಶಿಗೆ ಹೋಗಿ ಬಂತು. ಅಮಿತ ಸೀರೆಯ ಮೂಲೆ ಚಿವುಟಿ ನೂಲು ನೋಡಿದ, ಗಿಣಿಗಳ ಮುಖ ನೋಡಿದ, ನಕ್ಕ. “ಲಾಳಿ ಜೋಡಿ ಜಗಳಾಡಿದಾಗಿಂದ ನನ್ನ ಪೇಜಿಗೆ ಮಂದಿ ಬರಾಕತ್ತಾರ್ರಿ. ಅಂವ ನನಗ ಲಕ್ಷ್ಮಿ ಇದ್ದಂಗ. ಆದ್ರ ನಾ ಅಂವ ಅಲ್ಲ.”

ಮರಳುವ ದಾರಿಯಲ್ಲಿ ನಾನು ಅಕ್ಕೋರಿಗೆ ತಿಳಿಸಿ ಹೇಳಿದೆ. ಎರಡು ಹೆಸರಿಟ್ಟುಕೊಂಡು ತನ್ನ ಜೊತೆ ತಾನೇ ಜಗಳವಾಡುವವರು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿದ್ದಾರೆ. ಲಾಭ ಅಮಿತನಿಗೆ, ಆದ್ದರಿಂದ ಲಾಳಿಯೂ ಅಮಿತನೇ. ಇದನ್ನು ಪತ್ತೆ ಹಚ್ಚಿದ್ದಕ್ಕೆ ಸರಕಾರ ನನಗೊಂದು ಪದಕ ಕೊಡುವುದು ನ್ಯಾಯ.

ಅಕ್ಕೋರು ಫೋನ್ ನೋಡುತ್ತಲೇ ಇದ್ದರು. “ಹುಲೆಪ್ಪಾ, ಈಗ ಲಾಳಿ ಒಂದು ಮಾತ ಬರದಾನ, ಕೇಳು. ‘ಹೊಸಾ ಸೀರಿ ಯಾಕ ಬರವಲ್ದು.’ ಅಷ್ಟ. ಬೈಗುಳಿಲ್ಲ.”

“ಸೊಕ್ಕು ನೋಡ್ರಿ, ಇನ್ನೂ ಬೇಕಂತ ಅವಗ.”

“ಮಗ್ಗ ಸುಡು ಅಂದಾಂವಗ ಮಗ್ಗ ನಿಂತ್ರ ಖುಷಿ ಆಗಬೇಕಿತ್ತಲ್ಲೋ,” ಎಂದರು ಅಕ್ಕೋರು. ಬನಹಟ್ಟಿ ಬರುವ ತನಕ ಲಾಳಿಯ ಹಳೆಯ ಮಾತುಗಳನ್ನು ಒಂದೊಂದಾಗಿ ತಿರುವಿ ಓದಿದರು.

ಐತವಾರ ಎಲ್ಲರೂ ನಂದಾಳ ಮನೆಯ ಪಡಸಾಲೆಯಲ್ಲಿ ಸೇರಿದರು. ದುರಗೇಶ ರಜೆ ಹಾಕಿ ಬಂದಿದ್ದ. ಪ್ರೇಮಕುಮಾರ ಸರ್ ಕುರ್ಚಿಯ ತುದಿಗೆ, ಅಮಿತ ಬಾಗಿಲ ಹತ್ತಿರ, ಗುರಪ್ಪಜ್ಜ ಕಂಬಕ್ಕೆ ಒರಗಿ. ನಂದಾ ಮಗ್ಗದ ಕೋಣೆಯ ಬಾಗಿಲ ಹಿಂದೆ ನಿಂತಿದ್ದಳು, ಸೆರಗು ಮಾತ್ರ ಕಾಣುತ್ತಿತ್ತು. ನಾನು ನಡುವೆ ನಿಂತಿದ್ದೆ, ಲಾಳಿ ಓಡಿದರೆ ಹಿಡಿಯಲು.

“ಶುರು ಮಾಡೂ ಮೊದಲ ಒಂದು ಕೆಲಸ,” ಎಂದರು ಅಕ್ಕೋರು. “ಪ್ರೇಮಕುಮಾರ ಸರ್, ನೀವು ಲಾಳಿಗೆ ಬರದದ್ದು ನಿಮ್ಮ ಫೋನಿನಾಗ ಐತೆಲ್ಲ, ಅದನ್ನ ಬಾಯಿಲೆ ಓದ್ರಿ. ನಮ್ಮ ಮಾರಿ ನೋಡಿಕೋತ ಓದ್ರಿ.”

ಪ್ರೇಮಕುಮಾರ ಸರ್ ಫೋನ್ ತೆಗೆದರು. “ಪರಂಪರೆಯ ಗಂಧವಿಲ್ಲದ...” ಎಂದರು. ತಲೆ ಎತ್ತಿದರು. ಎದುರಿಗೆ ಗುರಪ್ಪಜ್ಜ ಕೈ ಕಟ್ಟಿಕೊಂಡು ಕೂತಿದ್ದ. ಫೋನನ್ನು ಮಗುಚಿ ತೊಡೆಯ ಮೇಲಿಟ್ಟರು. “ಇದು ಓದೂವಂಥಾದ್ದಲ್ಲರಿ ಅಕ್ಕೋರ,” ಎಂದರು.

“ಅಮಿತಾ, ನಿಂದು?”

“ನಂದೂ ಬ್ಯಾಡ್ರಿ,” ಎಂದ ಅಮಿತ, ಚಪ್ಪಲಿ ನೋಡುತ್ತ.

“ಇರಲಿ. ಈಗ ಲಾಳಿ ಕತಿ.” ಅಕ್ಕೋರು ಗಿಣಿ ಸೀರೆಯನ್ನು ಚಾಪೆಯ ಮೇಲೆ ಹಾಸಿದರು. “ಮೂರನೇ ಗಿಣಿ ಫೋಟೋದಾಗ ಇಲ್ಲ. ಅಂದ್ರ ಲಾಳಿ ಖರೆ ಸೀರಿ ನೋಡ್ಯಾನ. ಇಸ್ತ್ರಿ ಮಾಡಿದ ಅಮಿತ ನೋಡ್ಯಾನ, ಪ್ರದರ್ಶನದಾಗ ಸರ್ ನೋಡ್ಯಾರ, ನಾ ನೋಡೇನಿ. ಆದ್ರ ನಾವೆಲ್ಲ ನೋಡಿದ ಗಿಣಿ ಯಾವ ಕಡೆ ಮಾರಿ ಮಾಡ್ಯಾವು?”

“ಬಲಕ್ಕ,” ಎಂದೆವು ಎಲ್ಲರೂ.

“ಲಾಳಿ ಎಡಕ್ಕ ಅಂದ. ಮಂದಿ ಕುರುಡ ಅಂದ್ರು. ಮಡಿಕ್ಯಾಗಿನ ಕೊಕ್ಕಿನ ತಪ್ಪು ಗೊತ್ತಿದ್ದಾಂವ ಕುರುಡ ಹೆಂಗ ಆದಾನು? ಅದಕ್ಕ ನಾ ಮಗ್ಗದ ಹಂತ್ಯಾಕ ಹೋಗಿ ನೋಡಿದೆ. ಈ ಮಗ್ಗದಾಗ ಸೀರಿ ಬೋರಲ ನೇಯತಾರ. ಹಿಂಬದಿ ಮ್ಯಾಲ, ಮುಖ ಕೆಳಗ. ಕುಣ್ಯಾಗ ಕೂತಾಕಿಗೆ ಕಾಣೂದು ಸೀರಿ ಬೆನ್ನು.” ಅವರು ಸೆರಗನ್ನು ಮಗುಚಿದರು. ಗಿಣಿಗಳೆಲ್ಲ ಎಡಕ್ಕೆ ತಿರುಗಿದವು.

ಅಮಿತ ಬಾಗಿಲು ಬಿಟ್ಟು ಹತ್ತಿರ ಬಂದು ಬಗ್ಗಿ ನೋಡಿದ.

“ಲಾಳಿ ಈ ಸೀರೀನ ಮಗ್ಗದ ಮ್ಯಾಲ ನೋಡಿದಾಂವ. ಇಳಿದ ಮ್ಯಾಲ ನೋಡಿಲ್ಲ. ಹಂಗಿದ್ರ ಸರ್ ಅಲ್ಲ, ಅಮಿತ ಅಲ್ಲ. ಇಬ್ಬರೂ ಈ ಮನಿ ಹೊಸ್ತಿಲಾ ತುಳದದ್ದು ಇವತ್ತ. ಮಗ್ಗದ ಕೋಣಿಗೆ ಬರಾವರು ನಾಕ ಮಂದಿ. ನಂದಾ, ದುರಗೇಶ, ಗುರಪ್ಪಜ್ಜಾರು, ನೂಲು ತರೂ ಹುಲೆಪ್ಪ.”

ಎಲ್ಲರ ಕಣ್ಣು ನನ್ನ ಕಡೆ ಹೊರಳಿತು. ನನ್ನ ಮೀಸೆ ತಾನಾಗಿ ಅರ್ಧ ಇಂಚು ಒಳಗೆ ಹೋಯಿತು.

“ಹುಲೆಪ್ಪ ಅಲ್ಲ. ಯಾಕಂತ ಆಮ್ಯಾಲೆ ಹೇಳತೀನಿ. ದುರಗೇಶ ಅಲ್ಲ, ಗಿಣಿ ಸೀರಿ ಹಾಕಿದ ದಿನದಿಂದ ಇಳಿಯೂ ತನಕ ಬೀಳಗಿ ಬಿಟ್ಟಿಲ್ಲ. ಆದ್ರ ದುರಗೇಶ ಮನ್ಯಾಗ ಇದ್ದ ಐತವಾರ ಲಾಳಿ ಬರೀತಿರಲಿಲ್ಲ. ದುರಗೇಶಾ, ಆ ಐತವಾರ ಮನ್ಯಾಗ ಏನ ನಡೀತಿತ್ತು?”

ದುರಗೇಶ ತಲೆ ಕೆರೆದುಕೊಂಡ. “ಏನಿಲ್ಲರಿ. ಅಪ್ಪ ನನ್ನ ಕೂಡಸ್ಕೊಂಡು, ನಂದಾಗ ಹೇಳು, ದಡಿ ಬಿಗಿ ಮಾಡು ಅನ್ನು, ಹಂಗ ಮಾಡು ಹಿಂಗ ಮಾಡು ಅಂತಿದ್ದ. ನಾ ಆಕಿಗೆ...” ನಿಧಾನಕ್ಕೆ ಅಪ್ಪನ ಕಡೆ ನೋಡಿದ.

“ಹೇಳಾಕ ಮನಿಶ್ಯಾ ಸಿಕ್ಕ ದಿನ ಬರಿಯೂ ಜರೂರ ಇರಲಿಲ್ಲ,” ಎಂದರು ಅಕ್ಕೋರು, ಬಹಳ ಮೆಲ್ಲಗೆ. “ಲಾಳಿ ಬರದದ್ದರಾಗ ಬೈಗುಳ ತಗದು ಓದಿದೆ. ಪ್ರತಿ ಸಲ ನೇಯೂದರ ಒಂದು ಪಾಠ ಇತ್ತು. ನಂದಾನ ನಡತಿ ಮ್ಯಾಲ, ರೂಪದ ಮ್ಯಾಲ ಒಂದು ಮಾತಿಲ್ಲ. ಮಗ್ಗ ನಿಂತ ಮ್ಯಾಲ ಸಂಭ್ರಮ ಇಲ್ಲ, ಕಾಳಜಿ ಐತಿ. ಆಮ್ಯಾಲೆ ಮೂರು ಮಂದಿ ಕೈಯಾಗ ಈ ಸೀರಿ ಕೊಟ್ಟೆ. ಸರ್ ಮುಖ ನೋಡಿದ್ರು, ಅಮಿತ ಮುಖ ನೋಡಿದ. ಒಬ್ಬರು ಮಾತ್ರ ಬೋರಲ ಹಾಕಿ ಬೆನ್ನ ಸವರಿದ್ರು. ಹುಟ್ಟಿದಾಗಿಂದ ಸೀರಿ ಬೆನ್ನನ್ನ ನೋಡಿದವರು. ಅವರಿಗೆ ಎಡ ಬಲ ಅಂದ್ರ ಕುಣ್ಯಾಗ ಕೂತವರ ಎಡ ಬಲ.”

ಗುರಪ್ಪಜ್ಜ ಕಿಸೆಯಿಂದ ಫೋನ್ ತೆಗೆದು ಚಾಪೆಯ ಮೇಲೆ, ಗಿಣಿಗಳ ಪಕ್ಕಕ್ಕಿಟ್ಟ.

“ನಾನ ರೀ,” ಎಂದ. “ಮೊದಲ ‘ಸೀರಿ ಛಲೋ ಆಗೇತಿ ಮಗಳ’ ಅಂತ ಬರದಿದ್ದೆ. ಅಷ್ಟ ಮಂದ್ಯಾಗ ಅದು ಯಾರಿಗೆ ಕಾಣಬೇಕು? ಆಮ್ಯಾಲೆ ದಡಿ ಸಡ್ಲ ಐತಿ ಅಂತ ಬರದೆ. ಆಕಿ ಅಡಗಿ ಮನ್ಯಾಗ ಇದ್ದಾಗ ಕಳ್ಳನಂಗ ಹೋಗಿ ನೋಡತಿದ್ದೆ, ಬಾಯಿಲೆ ಹೇಳಾಕ ಬರೂದಿಲ್ಲಲ್ಲ. ಕೈಬಟ್ಟ ನಡಗತೈತಿ. ಒಂದೊಂದ ಅಕ್ಷರಕ್ಕ ಹೊತ್ತ ಹಿಡಿತೈತಿ. ಅದಕ್ಕ ‘ರೀ’ ‘ಅವ್ವಾ’ ಹಚ್ಚೂದು ಬಿಟ್ಟೆ. ಬಿಟ್ಟದ್ದಕ್ಕ ಸೊಕ್ಕು ಅಂದ್ರು. ಮಗ್ಗ ಮುಟ್ಟೀಯೇನು ಅಂದ್ರು.” ಅವನು ತನ್ನ ಅಂಗೈ ನೋಡಿಕೊಂಡ. “ಕೈ ಬಿದ್ದ ಮ್ಯಾಲ ಆ ಮಾತ ಕೇಳಿ ತಡಕೊಳ್ಳಾಕ ಆಗಲಿಲ್ಲ. ಸೊಕ್ಕ ಅಂದ್ರು ಅಂತ ಸೊಕ್ಕೂ ಬಂತು. ಬೈದ್ರ ಐವತ್ತು ಮಂದಿ ತಿರುಗಿ ಮಾತಾಡತಿದ್ರು. ಖರೆ ಹೇಳಬೇಕಂದ್ರ ಹಿತಾ ಅನಸ್ತಿತ್ತು. ನಾ ಇವರ ಜೋಡಿ ಗುದ್ದಾಡಾಕತ್ತೇನಿ ಅಂದ್ಕೊಂಡಿದ್ದೆ. ಆಕಿ ಓದತಾಳ, ಓದಿ ಅಳತಾಳ ಅನ್ನೂದು ನನ್ನ ತಲಿಗೇ ಬರಲಿಲ್ಲ.”

ಪ್ರೇಮಕುಮಾರ ಸರ್ ಕುರ್ಚಿಯಿಂದ ಇಳಿದು ಬಂದು ಚಾಪೆಯ ಮೇಲೆ ಅಜ್ಜನ ಪಕ್ಕ ಕೂತರು. ಅವನ ಕೈಯನ್ನು ಹಿಡಿದುಕೊಂಡರು. ಅಮಿತ ಫೋನ್ ತೆಗೆದು ಒಂದೊಂದಾಗಿ ತನ್ನ ಮಾತು ಅಳಿಸತೊಡಗಿದ. ಬಹಳ ಹೊತ್ತು ಅಳಿಸಿದ.

ಅಜ್ಜ ಎದ್ದು ಬಾಗಿಲ ಹಿಂದಿನ ಸೆರಗಿನ ಕಡೆ ಒಂದು ಹೆಜ್ಜೆ ಇಟ್ಟ, ಹೊಸ್ತಿಲ ಈಚೆ ನಿಂತ. ಅಭ್ಯಾಸಬಲದಿಂದ ಮಗನ ಕಡೆ ನೋಡಿದ, ಅವನ ಬಾಯಲ್ಲಿ ಹೇಳಿಸಲು. ಆಮೇಲೆ ತಾನೇ ಹೇಳಿದ:

“ನಂದವ್ವಾ. ಮಗ್ಗ ಬಿಚ್ಚಬ್ಯಾಡ. ನನ್ನ ತಪ್ಪಿಗೆ ಅದ್ಯಾಕ ಹೋಗಬೇಕು?”

ಎಷ್ಟೋ ವರ್ಷದಲ್ಲಿ ಅವನು ಆಕೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ಬಾಗಿಲ ಹಿಂದೆ ಬಳೆ ಸದ್ದಾಯಿತು.

“ಅಕ್ಕೋರ, ಮಾವಾರಿಗೆ ಹೇಳ್ರಿ,” ಎಂದಳು ನಂದಾ. “ಮೂರನೇ ಗಿಣಿ ನೇಯುವಾಗ ನನಗ ಗೊತ್ತಾಗಿತ್ತು. ಬಿಚ್ಚಿ ಮತ್ತ ನೇಯಾಕ ಬ್ಯಾಸರಾತು, ಹಂಗ ಬಿಟ್ಟೆ. ಅದು ನನ್ನ ತಪ್ಪು.” ಆಮೇಲೆ ಅಕ್ಕೋರ ಮೂಲಕ ಹೇಳುವುದನ್ನು ಬಿಟ್ಟು, ತಾನೇ ಹೊರಗೆ ಬಂದು ನಿಂತಳು. “ಆದ್ರ ಮಾವಾರ, ಒಲಿಗೆ ಹಚ್ರಿ ಅಂದದ್ದು ಇನ್ನೂ ಚುಚ್ಚತೈತಿ. ಅದು ಇವತ್ತಿಗೆ ಹೋಗೂದಿಲ್ಲ. ಇನ್ನ ಮ್ಯಾಲ ಬೈಯೂದಿದ್ರ ಫೋನಿನಾಗ ಬ್ಯಾಡ. ಮಗ್ಗದ ಹಂತ್ಯಾಕ ಕೂತು ಬೈರಿ. ಕೊಕ್ಕು ತಪ್ಪೂ ಮೊದಲ ಬೈರಿ.”

ಅಜ್ಜ ತಲೆಯಾಡಿಸಿದ. ದುರಗೇಶ ಒಳಗಿನಿಂದ ಒಂದು ಮಣೆ ತಂದು ಮಗ್ಗದ ಕುಣಿಯ ಪಕ್ಕ ಹಾಕಿದ. ಅಜ್ಜ ಹೊಸ್ತಿಲು ದಾಟಿ ಅದರ ಮೇಲೆ ಕೂತ. ನಂದಾ ಕುಣಿಗಿಳಿದು ಲಾಳಿ ಎತ್ತಿಕೊಂಡಳು. ಮಗ್ಗ ಒಮ್ಮೆ ಸಪ್ಪಳ ಮಾಡಿತು, ತಡೆಯಿತು, ಮತ್ತೆ ಮಾಡಿತು.

“ಬಿಗಿ ಸಾಲದು,” ಎಂದ ಅಜ್ಜ. ಎರಡನೆಯ ಮಾತು ಅದು. ನಂದಾ ನಕ್ಕಳು.

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ನಾನು ಮೀಸೆ ತಿರುವಿ, ಲಾಳಿಯ ಬಾಯಿ ಮುಚ್ಚಿಸಲು ನಾನು ಹಾಕಿದ ಆ ಭಯಂಕರ ಕಾಮೆಂಟಿನ ಸಂಗತಿ ಎತ್ತಿದೆ. ಬೀಳಗಿಯ ಟವರು ಬಾಗಿದ್ದನ್ನೂ ಹೇಳಿದೆ. ಅಮಿತ ಕುತೂಹಲದಿಂದ ಕೇಳಿದ:

“ನಾ ಎಲ್ಲಾ ಓದೇನಿ, ಹುಲೆಪ್ಪಣ್ಣಾ. ನಿಂದು ಯಾವುದು? ತೋರಸು ನೋಡೋಣು.”

“ಚಸಮಾ ಮನ್ಯಾಗ...” ಎಂದೆ.

“ನನ್ನ ಚಸಮಾ ತಗೋ,” ಎಂದರು ಅಕ್ಕೋರು. “ಫೋನ್ ತಗಿ.”

ನಾನು ತೆಗೆಯಲಿಲ್ಲ. ದುರಗೇಶ ನನ್ನ ಕಿಸೆಗೆ ಕೈ ಹಾಕಿ ತೆಗೆದ. ರಬ್ಬರ್ ಸುತ್ತಿದ ಬಟನ್ ಫೋನು. ಅದರಲ್ಲಿ ಕರೆ ಬಂದರೆ ಮಾತಾಡಬಹುದು, ಕತ್ತಲಾದರೆ ಬ್ಯಾಟರಿ ಹಚ್ಚಬಹುದು. ಮತ್ತೇನೂ ಇಲ್ಲ.

“ಅದಕ್ಕ ಹುಲೆಪ್ಪ ಲಾಳಿ ಅಲ್ಲ ಅಂದದ್ದು,” ಎಂದರು ಅಕ್ಕೋರು. “ಇಂವ ಆ ಗುಂಪಿನಾಗ ಕಾಲ ಇಟ್ಟಾಂವಲ್ಲ. ಎಲ್ಲಾರೂ ಅಲ್ಲೇ ಅದಾರ, ತಾ ಇಲ್ಲ ಅಂತ ಹೇಳಾಕ ನಾಚಿಕಿ. ಅದಿರಲಿ ಹುಲೆಪ್ಪಾ, ನಿನ್ನೆ ನಿನ್ನ ತಂಗಿ ಬೋರವ್ವ ಚಿಮ್ಮಡದಿಂದ ಫೋನ್ ಮಾಡಿದ್ದಳು. ‘ನಮ್ಮಣ್ಣನ ಟಂಟಂದಾಗ ಕೋಳಿ ತತ್ತಿ ಇಡಾಕತ್ತಾವು, ಯಾವಾಗ ಒಯ್ತಾನ ಕೇಳ್ರಿ’ ಅಂದ್ಲು. ಇಂಜಿನ್ ಬೇವಿನ ಗಿಡದಾಗ ಐತಿ ಅಂದಿದ್ದೆಲ್ಲ?”

ಮಗ್ಗದ ಸಪ್ಪಳ ನಿಂತಿತು. ನಂದಾ ಕುಣಿಯಿಂದಲೇ ಕತ್ತು ಚಾಚಿ ನನ್ನನ್ನು ನೋಡುತ್ತಿದ್ದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಇಷ್ಟು ದೂರ ಓದಿದ ನಿಮ್ಮಿಂದಲೂ ಇಲ್ಲ.

“ಟಂಟಂ ಕೆಟ್ಟಿಲ್ಲ,” ಎಂದೆ. “ಮಗ್ಗ ಒಯ್ಯಿ ಅಂತ ನಂದವ್ವ ಅಂದ ದಿನಾನ ಅದನ್ನ ಬೋರವ್ವನ ಹಿತ್ತಲದಾಗ ನಿಲ್ಲಿಸಿ ನಡಕೋತ ಬಂದೆ. ಗಾಡಿ ಇಲ್ಲಂದ್ರ ಮಗ್ಗ ಹೋಗಂಗಿಲ್ಲ ಅಂದ್ಕೊಂಡೆ. ಈ ಮನಿ ಮುಂದ ಹಾದು ಹೋಗುವಾಗ ಸಪ್ಪಳ ಕೇಳಲಿಲ್ಲಂದ್ರ ನನಗ ಊರ ತಪ್ಪಿ ಬಂದಂಗ ಆಕ್ಕೈತಿ. ನಾ ಮಾಡಿದ್ದು ಅಷ್ಟ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಕ್ಕೋರು ಫೋನನ್ನು ನನ್ನ ಕಿಸೆಗೆ ಹಾಕಿ ಮೇಲೊಮ್ಮೆ ತಟ್ಟಿದರು. ನಾನು ಯಾವ ಕಾಮೆಂಟನ್ನೂ ಹಾಕಿಲ್ಲ. ಹೊಳೆಯ ನೀರು ಇಳಿದಿಲ್ಲ. ಬೀಳಗಿಯ ಟವರು ನೆಟ್ಟಗೇ ಇದೆ.